ಮಗ್ಗುಲು ಬದಲಿಸುವ ಹಾಡು

ಸತ್ತಾರ್ ಸಾಹೇಬರಿಗೆ ಸಿಟ್ಟು ಬರಿಸಲು ಬಹಳ ಕಷ್ಟಪಡಬೇಕಾಗಿರಲಿಲ್ಲ. ಅಳುವ ಹಾಡಿನ ಬೆನ್ನಿಗೇ ಕುಣಿಯುವ ಹಾಡು ಹಾಕಿದರೆ ಸಾಕಿತ್ತು. ಹೋಳಿಗೆಯ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗಾಯಿತು ಎಂದು ರೇಗಿಬಿಡುತ್ತಿದ್ದರು. ಶಿಕಾಗೋ ಪಕ್ಕದ ವೆಸ್ಟ್‌ಮಾಂಟ್‌ನ ಆಗ್ಡನ್ ಅವೆನ್ಯೂನಲ್ಲಿ, ಒಂದು ದಿನಸಿ ಅಂಗಡಿಗೂ ಒಂದು ಡ್ರೈಕ್ಲೀನರ್ಸಿಗೂ ನಡುವೆ ಸಿಕ್ಕಿಕೊಂಡಿದ್ದ ಅವರ ಕ್ಯಾಸೆಟ್ ಅಂಗಡಿಯಲ್ಲಿ ಹದಿನೇಳು ವರ್ಷ ಇದೊಂದೇ ಕಾನೂನು ಕಟ್ಟುನಿಟ್ಟಾಗಿ ನಡೆದುಕೊಂಡು ಬಂದಿತ್ತು. ಹಾಡುಗಳಿಗೆ ಸಂಬಂಧಪಟ್ಟ ಮಿಕ್ಕ ಕಾನೂನುಗಳ ಬಗ್ಗೆ ಸಾಹೇಬರು ಅಷ್ಟಾಗಿ ತಲೆ ಕೆಡಿಸಿಕೊಂಡವರಲ್ಲ.

ಏಕೆಂದರೆ ಅವರ ಕಸುಬೇ ಅಂಥದ್ದು. ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ಕೊಡುತ್ತಿದ್ದರು. ಸಾಹೇಬರು ಅವನ್ನು ಒಂದು ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ಗದಗಿನ ಸ್ಟೇಷನ್ ರೋಡಿನಲ್ಲಿ ಹದಿನೆಂಟನೆಯ ವಯಸ್ಸಿಗೆ ಕಲಿತ ವಿದ್ಯೆ ಅದು. ಪಟ್ಟಿ ಗಿರಾಕಿಯದಾದರೂ ಯಾವುದರ ಹಿಂದೆ ಯಾವುದು ಬರಬೇಕೆಂಬುದು ಸಾಹೇಬರ ಅಧಿಕಾರ, ಅದರಲ್ಲಿ ಯಾರೂ ಬಾಯಿ ಹಾಕುವಂತಿರಲಿಲ್ಲ. ಆ ಜೋಡಣೆಗೆ ಮನಸೋತು ಡೆಟ್ರಾಯಿಟ್ ಕಡೆಯ ಕನ್ನಡದವರು ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಬಂದವರು ಪಕ್ಕದಂಗಡಿಯಲ್ಲಿ ಸೋನಾ ಮಸೂರಿ ಕೊಂಡು, ಇಲ್ಲಿ ನಾಲ್ಕು ಕ್ಯಾಸೆಟ್ ತುಂಬಿಸಿಕೊಂಡು ಹೋಗುತ್ತಿದ್ದರು.

ಒಂದು ಮಗ್ಗುಲಿಗೆ ಒಂಬತ್ತು ಹಾಡು ಹಿಡಿಯುತ್ತಿದ್ದವು. ಆಮೇಲೂ ಎರಡು ಮೂರು ನಿಮಿಷದ ಟೇಪು ಉಳಿಯುತ್ತಿತ್ತು. ಬೇರೆಯವರು ಅದನ್ನು ಹಾಗೇ ಬಿಟ್ಟುಬಿಡುತ್ತಿದ್ದರು. ಸಾಹೇಬರು ಅಲ್ಲಿ ಒಂದು ಶಹನಾಯಿ ತುಂಬುತ್ತಿದ್ದರು. ಗದಗಿನಲ್ಲಿ ಯಾರದೋ ಮದುವೆಯಲ್ಲಿ ಅವರ ಸೋದರಮಾವ ಊದಿದ್ದು, ಇವರೇ ಟೇಪು ಮಾಡಿಟ್ಟುಕೊಂಡದ್ದು. ಲೋಕದಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು. ಒಗ್ಗರಣೆ ಹಾಕುತ್ತ ನಿಂತ ಹೆಂಗಸರು ಶಹನಾಯಿ ಕೇಳಿಸಿದೊಡನೆ ಕೈ ಒರೆಸಿಕೊಂಡು ಬಂದು ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತಿದ್ದರು. ಶಿಕಾಗೋ ಸುತ್ತಮುತ್ತಲ ಕನ್ನಡದ ಅಡುಗೆಮನೆಗಳಲ್ಲೆಲ್ಲ ಅದಕ್ಕೆ ಮಗ್ಗುಲು ಬದಲಿಸುವ ಹಾಡು ಎಂದೇ ಹೆಸರು.

ಇದೆಲ್ಲ ನಡೆದದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಎರಡು ಸಾವಿರದ ಮೂರನೆಯ ಇಸವಿಯ ವಸಂತಕ್ಕೆ ಅಂಗಡಿಯಲ್ಲಿ ನೊಣ ಹೊಡೆಯಲು ನೊಣವೂ ಇರಲಿಲ್ಲ. ಜೂನ್ ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ಸಾಹೇಬರು ತೀರ್ಮಾನಿಸಿದರು. ಅದೇ ವಸಂತದಲ್ಲಿ ಅವರ ಮಗಳು ಅರೀಬಾ, ಸಿಟಿಯ ಒಂದು ಕಾಲೇಜಿನಲ್ಲಿ ಸಿನಿಮಾ, ಧ್ವನಿ, ಎಡಿಟಿಂಗ್ ಎಲ್ಲ ಕಲಿಯುತ್ತಿದ್ದವಳು, ಸೆಮಿಸ್ಟರಿನ ಕೊನೆಗೆ ಹತ್ತು ನಿಮಿಷದ ಸಾಕ್ಷ್ಯಚಿತ್ರವೊಂದನ್ನು ಒಪ್ಪಿಸಬೇಕಾಗಿತ್ತು. ವಿಷಯ ಹುಡುಕಲು ಅವಳು ಬಹಳ ದೂರ ಹೋಗಲಿಲ್ಲ. ಅಬ್ಬಾನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡಿ ಬೆಳೆದ ಹುಡುಗಿ ಅವಳು.

ಕಾಲೇಜಿನಿಂದ ಕಡ ತಂದ ಕ್ಯಾಮೆರಾ ಹಿಡಿದು ಮೂರು ವಾರ ಅಂಗಡಿಯಲ್ಲೇ ಠಿಕಾಣಿ ಹೂಡಿದಳು. ಕೈ ನಡುಗದ ಹಾಗೆ ಉಸಿರು ಬಿಗಿಹಿಡಿಯುವುದು, ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗದಂತೆ ನೋಡಿಕೊಳ್ಳುವುದು, ಪ್ರಶ್ನೆ ಕೇಳಿ ಸುಮ್ಮನಿರುವುದು, ಎಲ್ಲವನ್ನೂ ಎಡವಿ ಎಡವಿ ಕಲಿತಳು. ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು, ಅಪ್ಪನ ಮಗಳಲ್ಲವೇ. ಆದರೂ ಟೀಚರಿಗೆ ಸಮಾಧಾನವಾಗಲಿಲ್ಲ. ಅಂಗಡಿ ಚೆಂದ ಕಾಣುತ್ತದೆ, ನಿನ್ನ ಅಪ್ಪ ಇನ್ನೂ ಚೆಂದ ಕಾಣುತ್ತಾರೆ, ಆದರೆ ಈ ಅಂಗಡಿ ಯಾಕೆ ಮುಚ್ಚುತ್ತಿದೆ ಎನ್ನುವುದು ಎಲ್ಲಿ ಎಂದು ಕೇಳಿದರು.

ಅದಕ್ಕೆ ಉತ್ತರ ಹುಡುಕಿಕೊಂಡು ಅರೀಬಾ ಹಳೆಯ ಗಿರಾಕಿ ಶ್ಯಾಮ್ ಅಂಕಲ್ ಬಳಿ ಹೋದಳು. ಮೈಸೂರಿನ ಶ್ಯಾಮ್ ಲಿಸ್ಲ್‌ನ ಕಂಪನಿಯೊಂದರಲ್ಲಿ ಎಂಜಿನಿಯರು. ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲೇ ಮಾತಾಡೋಣ ಎಂದು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡರು. ಹೊಸ ಕಾರು, ಹೊಸ ಸ್ಟೀರಿಯೋ. ಹಾಡು ಓಡುತ್ತಲೇ ಇತ್ತು. ಅದನ್ನು ಆಫ್ ಮಾಡಿ ಎನ್ನಲು ಅರೀಬಾಗೆ ಸಂಕೋಚ.

"ಈಗ ಯಾರಮ್ಮ ಕ್ಯಾಸೆಟ್ ತಗೋತಾರೆ?" ಎಂದರು ಶ್ಯಾಮ್. "ನಿಮ್ಮ ಜುನೈದ್ ಇಲ್ವಾ, ಅವನೇ ಈ ಸಿಡಿ ಮಾಡ್ಕೊಟ್ಟ. ಒಂದ್ರಲ್ಲೇ ನೂರೈವತ್ತು ಹಾಡು. ಕನ್ನಡ ಕೂಟದಲ್ಲಿ ಎಲ್ರ ಕಾರಲ್ಲೂ ಇದೇ." ಅಷ್ಟು ಹೇಳಿ, ಕ್ಯಾಮೆರಾದ ಕೆಂಪು ದೀಪ ಕಂಡು ನಾಲಿಗೆ ಕಚ್ಚಿಕೊಂಡರು. "ಇದನ್ನ ನಿಮ್ಮ ತಂದೆಗೆ ತೋರಿಸ್ಬೇಡಮ್ಮ, ಪ್ಲೀಸ್."

ಜುನೈದ್ ಎಂದರೆ ಅರೀಬಾಳ ಅಣ್ಣ, ಇಟಾಸ್ಕಾದ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. ಮನೆಯ ಬೇಸ್‌ಮೆಂಟಿನ ಕಂಪ್ಯೂಟರಿಗೆ ಇಂಟರ್ನೆಟ್ಟಿನಿಂದ ಹಾಡು ಇಳಿಸಿಕೊಂಡು, ಸಿಡಿ ಮಾಡಿ, ಕೇಳಿದವರಿಗೆಲ್ಲ ಸುಮ್ಮನೆ ಹಂಚುತ್ತಿದ್ದ. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಕೆಟ್ಟ ಹುಡುಗನೇನಲ್ಲ. ಅಂಗಡಿಗೆ ಹೊಡೆತ ಬೀಳುತ್ತಿರುವುದಕ್ಕೂ ತಾನು ಹಂಚುವ ಸಿಡಿಗೂ ಇರುವ ನಂಟು ಅವನಿಗೆ ತಿಳಿದಾಗ ಆಗಲೇ ಐವತ್ತು ಸಿಡಿ ಹಂಚಿಯಾಗಿತ್ತು. ಅಲ್ಲಿಂದ ಮುಂದೆ ಅಬ್ಬಾನ ಎದುರು ಸರಿಯಾಗಿ ತಲೆ ಎತ್ತಿ ಊಟ ಮಾಡಿದವನಲ್ಲ. ಅಬ್ಬಾಗೆ ಗೊತ್ತಿಲ್ಲ ಎನ್ನುವುದೊಂದೇ ಅವನ ಸಮಾಧಾನ.

ಟೀಚರು ಶ್ಯಾಮ್ ಅವರ ಆ ಮಾತನ್ನು ಇಂಗ್ಲಿಷ್ ಸಬ್‌ಟೈಟಲ್ಲಿನೊಡನೆ ನೋಡಿ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಇದೇ ನಿನ್ನ ಚಿತ್ರದ ಜೀವ, ಇದನ್ನು ತೆಗೆದರೆ ಉಳಿಯುವುದು ಬರೀ ಕಪಾಟು ಎಂದರು. ಅರೀಬಾಳಿಗೂ ಅದು ಗೊತ್ತಿತ್ತು. ಆದರೆ ಕಾಲೇಜಿನಲ್ಲಿ ಚಿತ್ರ ತೋರಿಸುವ ದಿನ ಅಬ್ಬಾ, ಅಮ್ಮೀ, ಜುನೈದ್ ಮೂವರೂ ಬರುವವರಿದ್ದರು. ಅಮ್ಮೀ, ಅಂದರೆ ನಜ್ಮುನ್ನೀಸಾ, ಆಗಲೇ ಹೊಸ ದುಪಟ್ಟಾ ತೆಗೆದಿಟ್ಟಿದ್ದಳು. ಇನ್ನೂರು ಜನರ ನಡುವೆ, ಕತ್ತಲಲ್ಲಿ ಕೂತು, ತನ್ನ ಅಂಗಡಿ ಮುಳುಗಿಸಿದವನು ಪಕ್ಕದಲ್ಲೇ ಕೂತ ಮಗ ಎಂದು ಅಪ್ಪ ತಿಳಿಯಬೇಕೆ? ಅದನ್ನು ತಿಳಿಸುವವಳು ಮಗಳಾಗಬೇಕೆ?

ಕೊನೆಗೆ ಆ ಮಾತು ಬೇಡ, ಅದನ್ನು ಬಿಟ್ಟು ಶ್ಯಾಮ್ ಅಂಕಲ್‌ನ ಮಿಕ್ಕ ಮಾತನ್ನು ಇಟ್ಟುಕೊಳ್ಳೋಣ ಎಂದು ಎಡಿಟಿಂಗ್ ರೂಮಿನಲ್ಲಿ ಕೂತಳು. ಆಗ ತನ್ನ ತಪ್ಪು ತಿಳಿಯಿತು. ಮಾತಿನ ಹಿಂದೆ ಹಾಡು ಓಡುತ್ತಿದ್ದರೆ ಮಾತನ್ನು ಕತ್ತರಿಸುವಂತಿಲ್ಲ. ಮಾತು ಕೂಡಿಕೊಂಡರೂ ಹಾಡು ಜಿಗಿಯುತ್ತದೆ. ಮೊದಲನೆಯ ವಾರವೇ ಹೇಳಿಕೊಟ್ಟ ಪಾಠವನ್ನು ಸಂಕೋಚಕ್ಕೆ ಬಿದ್ದು ಮರೆತಿದ್ದಳು. ಎಲ್ಲಿ ಕತ್ತರಿಸಿದರೆ ಕಡಿಮೆ ಜಿಗಿಯುತ್ತದೆ ಎಂದು ನೋಡಲು ಹೆಡ್‌ಫೋನ್ ಹಾಕಿಕೊಂಡು ಮಾತನ್ನು ಬಿಟ್ಟು ಹಾಡನ್ನೇ ಕೇಳತೊಡಗಿದಳು. ಒಂದು ವಿರಹದ ಹಾಡು. ಅದರ ಹಿಂದೆ, ಅಳು ಆರಲೆಂದು ಇಟ್ಟ ಹಾಗೆ, ಕೊಳಲಿನ ಒಂದು ಮೆಲು ಹಾಡು. ಆಮೇಲೆ ಒಂದು ತಮಾಷೆಯ ಯುಗಳಗೀತೆ. ಆಮೇಲೆ ಶಹನಾಯಿ.

ಅರೀಬಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಮರುದಿನ ಶ್ಯಾಮ್ ಅವರಿಂದ ಸಿಡಿ ತಂದು ಪೂರ್ತಿ ಕೇಳಿದಳು. ಒಂಬತ್ತು ಹಾಡಿಗೊಮ್ಮೆ ಅದೇ ಶಹನಾಯಿ. ನೂರೈವತ್ತರಲ್ಲಿ ಹದಿನೈದು ಸಲ. ಸಿಡಿ ಹಾಳಾಗಿದೆ ಎಂದುಕೊಂಡಿದ್ದೆ ಎಂದಿದ್ದರು ಶ್ಯಾಮ್. ಜುನೈದನನ್ನು ಮೂಲೆಗೆ ಕರೆದು ಕೇಳಿದರೆ ಅವನು ಕಣ್ಣು ಕಣ್ಣು ಬಿಟ್ಟ. ಕಂಪ್ಯೂಟರಿನಲ್ಲಿ ಹಾಡುಗಳ ಹೆಸರಿನ ಮುಂದೆ ಯಾರೋ ಒಂದು ಎರಡು ಮೂರು ಎಂದು ನಂಬರು ಹಾಕಿದ್ದು ಅವನೂ ನೋಡಿದ್ದ. ನೀನೇ ಹಾಕಿದೆ ಎಂದುಕೊಂಡೆ, ಕೇಳಿದರೆ ಅಬ್ಬಾಗೆ ಹೇಳುತ್ತೀಯೇನೋ ಎಂದು ಸುಮ್ಮನಿದ್ದೆ ಎಂದ. ಅವನಿಗೆ ಅಲ್ಲಿಗೂ ಹೊಳೆಯಲಿಲ್ಲ. ಅರೀಬಾ ಬಿಡಿಸಿ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದಳು. ಸಾಹೇಬರು ಕಪಾಟಿನ ಕ್ಯಾಸೆಟ್ಟುಗಳನ್ನು ಒರೆಸಿ ಡಬ್ಬಕ್ಕೆ ತುಂಬುತ್ತಿದ್ದರು. ಆ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಇಂಗ್ಲಿಷಿನಲ್ಲಿ. ಅಂಗಡಿಯ ಹೊಸಿಲು ದಾಟಿ ಒಳಗೆ ಬಂದರೆ ಮಾತ್ರ ಸಾಹೇಬರು ಮಕ್ಕಳ ಜೊತೆಗೂ ಗದಗಿನ ಕನ್ನಡವನ್ನೇ ಆಡುತ್ತಿದ್ದರು. ಅರೀಬಾ ಸಿಡಿಯನ್ನು ಕೌಂಟರಿನ ಮೇಲಿಟ್ಟಳು. ಅವರು ಅದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಪೂರ್ತಿ ಕೇಳಿದೇನು?" ಎಂದರು.

"ಕೇಳ್ದೆ ಅಬ್ಬಾ."

"ಎಪ್ಪತ್ತಮೂರನೇದು ಸರಿ ಕುಂತಿಲ್ಲ, ಹೌದಿಲ್ಲೊ? ನನಗೂ ಅನಸೇತಿ."

ಆಮೇಲೆ ನಿಧಾನವಾಗಿ ಎಲ್ಲ ಹೊರಬಿತ್ತು. ಹೋದ ವರ್ಷ ರಮಜಾನ್ ಸೇಲಿನ ಬೋರ್ಡು ಪ್ರಿಂಟ್ ಮಾಡಲು ಬೇಸ್‌ಮೆಂಟಿಗೆ ಇಳಿದಾಗ ಮಗನ ಖಜಾನೆ ಕಣ್ಣಿಗೆ ಬಿದ್ದಿತ್ತು. ಮೊದಲು ಸಿಟ್ಟು ಬಂತಂತೆ. ಅಲ್ಲೇ ಕೂತು ಒಂದೊಂದೇ ಹಾಡು ಹಾಕಿ ಕೇಳಿದರಂತೆ. ಆಮೇಲೆ ಅದಕ್ಕಿಂತ ದೊಡ್ಡ ಸಿಟ್ಟು ಬಂತಂತೆ.

"ಎ ಬಿ ಸಿ ಡಿ ಪ್ರಕಾರ ಹಚ್ಚ್ಯಾನವಾ ನಿಮ್ಮಣ್ಣ," ಎಂದರು ಸಾಹೇಬರು. ಅದನ್ನು ನೆನೆದರೆ ಈಗಲೂ ಅವರ ಮೂಗು ಕೆಂಪಾಗುತ್ತಿತ್ತು. "ಜೋಗುಳದ ಹಿಂದ ಡಿಸ್ಕೋ. ಕೂಸು ಮಲಗಬೇಕೋ ಕುಣೀಬೇಕೋ? ಅಂಗಡಿ ಹೋದ್ರ ಹೋಗ್ಲಿ, ಕಾಲ ಹಂಗೈತಿ, ಅವ ಕೊಡದಿದ್ರ ಮತ್ತೊಬ್ಬ ಕೊಡತಿದ್ದ. ಆದ್ರ ಕೇಳವ್ರು ನಮ್ಮ ಗಿರಾಕಿ. ಅವ್ರಿಗೆ ಹಂಗ ಕೇಳಸಬಾರದು."

ಮಗ ಆಫೀಸಿಗೆ ಹೋದ ಹೊತ್ತಿನಲ್ಲಿ, ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ, ಹಾಡುಗಳು ತಾವು ಹೇಳಿದ ಸಾಲಿನಲ್ಲೇ ಬರುವಂತೆ ಹೆಸರಿನ ಮುಂದೆ ನಂಬರು ಹಾಕಿ ಮುಗಿಸಲು ಅವರಿಗೆ ಎರಡು ತಿಂಗಳು ಹಿಡಿದಿತ್ತು. ಹಳೆಯ ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಹಾಕಿ ಶಹನಾಯಿಯನ್ನೂ ಸೇರಿಸಿದ್ದರು. ಸಿಡಿಯಲ್ಲಿ ಮಗ್ಗುಲು ಬದಲಿಸುವುದೇ ಇಲ್ಲವಲ್ಲ ಅಬ್ಬಾ, ಅದು ಯಾಕೆ ಎಂದು ಅರೀಬಾ ಕೇಳಿದಳು.

"ಸಿಡಿಗೆ ಬ್ಯಾಡ," ಎಂದರು ಸಾಹೇಬರು. "ಕೇಳೋ ಮನಷ್ಯಾಗ ಬೇಕು. ಒಂಬತ್ತು ಹಾಡು ಕೇಳಿದ ಮ್ಯಾಲೆ ಒಂದೀಟು ಎದ್ದು ನಿಂದರಬೇಕು, ನೀರು ಕುಡೀಬೇಕು. ಇಲ್ಲಂದ್ರ ಹತ್ತನೇದು ಕಿವಿಯೊಳಗ ಇಳಿಯಂಗಿಲ್ಲ."

ಒಂದು ಚಿತ್ರದ ಪಕ್ಕ ಇನ್ನೊಂದನ್ನು ಇಟ್ಟಾಗ ಎರಡರಲ್ಲೂ ಇಲ್ಲದ ಅರ್ಥವೊಂದು ನಡುವೆ ಹುಟ್ಟುತ್ತದೆ ಎಂದು ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಹೇಳಿಕೊಟ್ಟಿದ್ದರು. ಅರೀಬಾ ಅದನ್ನು ದೊಡ್ಡ ರಹಸ್ಯವೆಂಬಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಅಪ್ಪನ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಬಂತು. ಚೀಲದಿಂದ ತನ್ನ ಚಿತ್ರದ ತುಣುಕುಗಳನ್ನು ಬರೆದಿಟ್ಟ ಇಪ್ಪತ್ತೆರಡು ಕಾರ್ಡುಗಳನ್ನು ತೆಗೆದು ಕೌಂಟರಿನ ಮೇಲೆ ಹರಡಿದಳು. ಅದರಲ್ಲಿ ಶ್ಯಾಮ್ ಅವರ ಮಾತಿನದೂ ಇತ್ತು. ಅದನ್ನು ಬೇರೆ ಎತ್ತಿಟ್ಟು, ಇದು ಬೇಕೋ ಬೇಡವೋ ನೀವೇ ಹೇಳಿ ಎಂದಳು.

ಸಾಹೇಬರು ಒಂದೊಂದೇ ಕಾರ್ಡನ್ನು ಅವಳಿಂದ ಓದಿಸಿ ಕೇಳಿದರು. ಶ್ಯಾಮ್ ಅವರದನ್ನು ಎರಡು ಸಲ ಓದಿಸಿದರು.

"ಖರೆ ಐತಿ, ಇಡು," ಎಂದರು. "ಆದ್ರ ಕಡೀಗೆ ಇಡಬ್ಯಾಡ. ನೋವಿಂದು ಎಂದೂ ಕಡೀಗೆ ಇಡಬಾರದು. ನಡುವ ಇಟ್ಟು, ಅದರ ಹಿಂದ ಉಸಿರಾಡಾಕ ಜಾಗಾ ಬಿಡು."

ಮೇ ತಿಂಗಳ ಎರಡನೆಯ ಶುಕ್ರವಾರ, ಸಂಜೆ ಐದಕ್ಕೆ, ಕಾಲೇಜಿನ ಹಾಲಿನಲ್ಲಿ ಚಿತ್ರ ತೋರಿಸಿದರು. ಮೂರನೆಯ ಸಾಲಿನಲ್ಲಿ ಅಮ್ಮೀ, ಸಾಹೇಬರು, ಜುನೈದ್. ಹಿಂದಿನ ಸಾಲಿನಲ್ಲಿ ಅರೀಬಾ. ಐದನೆಯ ನಿಮಿಷಕ್ಕೆ ಪರದೆಯ ಮೇಲೆ ಶ್ಯಾಮ್ ಅವರ ಕಾರು ಬಂತು. ಅವರ ಬಾಯಲ್ಲಿ ತನ್ನ ಹೆಸರು ಕೇಳಿದೊಡನೆ ಜುನೈದ್ ಕುರ್ಚಿಯಲ್ಲಿ ಕುಸಿದುಹೋದ. ಅವನ ಕತ್ತಿನ ಹಿಂಭಾಗ ಬೆವರಿದ್ದು ಅರೀಬಾಗೆ ಪರದೆಯ ಬೆಳಕಿನಲ್ಲಿ ಕಾಣಿಸಿತು. ಅವನು ಅಪ್ಪನ ಕಡೆ ತಿರುಗಲಿಲ್ಲ. ತಿರುಗಲು ಧೈರ್ಯವಿದ್ದರೆ ತಾನೇ.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಚಿತ್ರವಿಲ್ಲ, ಮಾತಿಲ್ಲ, ಶಹನಾಯಿ ಮಾತ್ರ. ಜನ ಮೊದಲು ಯಂತ್ರ ಕೆಟ್ಟಿತೆಂದು ಮಿಸುಕಾಡಿದರು, ಒಬ್ಬರಿಬ್ಬರು ಕೆಮ್ಮಿದರು, ಆಮೇಲೆ ಕಾಲು ಚಾಚಿ ಒರಗಿ ಕೂತರು. ಗದಗಿನ ಮದುವೆಯೊಂದರ ಮಕ್ಕಳ ಗಲಾಟೆ ಅದರೊಳಗೆ ದೂರದಲ್ಲಿ ಕೇಳುತ್ತಿತ್ತು.

ಆ ಕತ್ತಲಲ್ಲಿ ಸಾಹೇಬರು ಮಗನ ಕತ್ತಿನ ಮೇಲೆ ಕೈ ಇಟ್ಟರು. ಅವನ ಕಿವಿಯ ಬಳಿ ಬಾಗಿ, ಅಂಗಡಿಯ ಹೊರಗೆ ಮೊದಲ ಸಲ, ಕನ್ನಡದಲ್ಲಿ ಹೇಳಿದರು:

"ಎಪ್ಪತ್ತಮೂರನೇ ಹಾಡು ಸರಿ ಕುಂತಿಲ್ಲಪಾ. ಮನೀಗೆ ಹೋಗಿ ಇಬ್ಬರೂ ಕೂಡಿ ನೋಡೂಣು."