ಇಬ್ಬರ ಪಾಲಿನ ಸೀರೆ

ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರನ್ನೂ ಎತ್ತಿ ನೋಡಿದರು ಸಿದ್ದರಾಮಪ್ಪ. ಸೀರೆ ಅದರ ಕೆಳಗೂ ಇರಲಿಲ್ಲ. ಎರಡು ನೂಲಿನ ಸೀರೆ, ಮಗನ ಸಣ್ಣಂದಿನ ಸ್ವೆಟರು, ಒಂದು ಹರಿದ ಕೌದಿ, ಇಷ್ಟೇ ನೆಲದ ಮೇಲೆ ಬಿದ್ದಿದ್ದವು.

"ಹಸರು ರೇಶ್ಮಿ ಸೀರಿ. ಜರದ ದಡಿಯದು. ಇದರಾಗ ಇತ್ತು," ಎಂದು ಅವರು ಯಾರಿಗೂ ಅಲ್ಲದಂತೆ ಹೇಳಿದರು. "ಎಲ್ಲಿ ಹೋತು?"

ನಸುಕಿನಲ್ಲಿ ಜೀವ ಬಿಟ್ಟ ಹೆಂಡತಿ ಶರಣಬಸಮ್ಮನನ್ನು ತಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಎರಡೂ ಬಗಲಿಗೆ ದಿಂಬು, ಹಣೆಯ ತುಂಬ ವಿಭೂತಿ. ಯಾರೋ ತನ್ನ ಟ್ರಂಕು ಕೆದರುವುದನ್ನು ಕಂಡೂ ಕಾಣದವಳ ಹಾಗೆ ಕುಳಿತಿದ್ದಳು. ಅವಳ ಪಾದದ ಬಳಿ ಕುಳಿತು ಅರಿಸಿನ ಕಲಸುತ್ತಿದ್ದ ಪಕ್ಕದ ಮನೆಯ ಗುರುಬಾಯಿಯ ಕೈ ಮಾತ್ರ ನಿಂತುಹೋಯಿತು.

ಸೀರೆ ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೋಡೆಯ ಆಚೆ, ಅವಳದೇ ಟ್ರಂಕಿನಲ್ಲಿತ್ತು.

"ಮುತ್ತೈದಿ ಆಗಿ ಹೋಗ್ಯಾಳ. ತವರಿನಿಂದ ಸೀರಿ ತರಬೇಕಂದ್ರ ಅಲ್ಲಿ ಯಾರೂ ಉಳದಿಲ್ಲ," ಎಂದರು ಸಿದ್ದರಾಮಪ್ಪ. "ಇದ್ದದ್ದೊಂದು ರೇಶ್ಮಿ ಸೀರಿ. ಅದನ್ನ ಉಡಿಸಿ ಕಳಸೂಣ ಅಂದ್ರ..." ಖಾಲಿ ಟ್ರಂಕಿನ ಮುಚ್ಚಳ ಹಾಕಿದರು.

ಗುಲಬರ್ಗಾದಿಂದ ಬೆಳಗಿನ ರೈಲಿಗೆ ಬಂದಿಳಿದಿದ್ದ ಅವರ ತಂಗಿ ಶಿವದೇವಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅಳುವ ಕೆಲಸ ಅವಳು ಬಂದ ಕೂಡಲೇ ಮುಗಿಸಿದ್ದಳು. ಈಗ ಬೇರೆ ಕೆಲಸ ಸಿಕ್ಕಿತು.

"ಸೀರಿಗೇನು ಕಾಲು ಬಂದಾವೇನಣ್ಣ? ಮನ್ಯಾಗ ಇರೋರು ಎಷ್ಟು ಮಂದಿ? ಟ್ರಂಕಿನ ಕೀಲಿ ಯಾರ ಕೈಯಾಗ ಇರತಿತ್ತು?" ಎಂದು ಒಲೆಯ ಬಳಿ ನಿಂತಿದ್ದ ಸೊಸೆ ವನಜಾಳ ಕಡೆ ನೋಡಿದಳು.

ವನಜಾ ಆ ಮನೆಗೆ ಬಂದು ವರ್ಷ ತುಂಬಿರಲಿಲ್ಲ. "ನಾ ಮುಟ್ಟಿಲ್ರಿ ಅತ್ತಿ. ಆಣಿ ಮಾಡಿ ಹೇಳತೀನಿ," ಎಂದಳು.

"ಮುಟ್ಟೀ ಅಂತ ನಾ ಎಲ್ಲೆ ಅಂದೆ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ."

ಸಿದ್ದರಾಮಪ್ಪ ಗುರುಬಾಯಿಯ ಕಡೆ ತಿರುಗಿದರು. "ಗುರುಬಾಯಿ, ನೀವಿಬ್ಬರೂ ಜೋಡಿ ತಗೊಂಡಿದ್ರೆಲ್ಲವ್ವ ಆ ಸೀರಿ. ನಿನಗ ಏನರ ಹೇಳಿದ್ಲೇನು, ತನ್ನದು ಎಲ್ಲಿಟ್ಟೀನಂತ?"

*

ಜೋಡಿ ಸೀರೆ! ಇಬ್ಬರ ಗಂಡಂದಿರೂ ಇಪ್ಪತ್ತು ವರ್ಷ ಹಾಗೆಂದೇ ನಂಬಿದ್ದರು.

ಅದು ನಡೆದದ್ದು ನಾಂಪಲ್ಲಿಯಲ್ಲಿ ಜನವರಿಗೆ ಜಾತ್ರೆಯಂತೆ ಸೇರುವ ವಸ್ತುಪ್ರದರ್ಶನ, ನುಮಾಯಿಷ್‌ನಲ್ಲಿ. ಅದಕ್ಕೂ ಮೊದಲು ಶಿವದೇವಿಯ ಮಗನ ಜವಳದಲ್ಲಿ ಶರಣಬಸಮ್ಮ ನೂಲಿನ ಸೀರೆ ಉಟ್ಟು ಹೋಗಿದ್ದಳು. "ನಮ್ಮ ವೈನಿ ಸೀದಾ ಒಲಿ ಮುಂದಿಂದ ಎದ್ದು ಬಂದಾರ," ಎಂದು ಶಿವದೇವಿ ನಾಲ್ಕು ಜನರ ನಡುವೆ ನಕ್ಕಿದ್ದಳು. ಸಿದ್ದರಾಮಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಒಂದು ಖಾಸಗಿ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಮನುಷ್ಯ. ಹೆಂಡತಿಗೆ ರೇಷ್ಮೆ ಎಲ್ಲಿಂದ ತರಬೇಕು? ಗುರುಬಾಯಿಯ ಗಂಡ ಸೋಮಣ್ಣನದೂ ಅದೇ ಹಾಡು. ಕಿರಾಣಿ ಅಂಗಡಿಯಲ್ಲಿ ದಿನವಿಡೀ ಸಕ್ಕರೆ ತೂಗಿ ಮನೆಗೆ ಬೆಲ್ಲದ ಚಹಾಕ್ಕೆ ಬರುತ್ತಿದ್ದ.

ಸ್ಟೇಶನ್ನಿನ ಹಿಂದಿನ ಆ ವಠಾರದಲ್ಲಿ ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಬದುಕೂ ಹೆಚ್ಚುಕಡಿಮೆ ಒಂದೇ. ಶರಣಬಸಮ್ಮ ರೊಟ್ಟಿ ಮುಗಿಸಿದ ಹೊಟ್ಟಿನ ಒಲೆ, ಕೆಂಡ ಆರುವ ಮೊದಲೇ, ಗುರುಬಾಯಿಯ ಬೇಳೆಗೆ ಆಚೆ ಹೋಗುತ್ತಿತ್ತು. ಒಂದು ಮನೆಯಲ್ಲಿ ಕುದಿದ ಚಹಾಪುಡಿ ಇನ್ನೊಂದರಲ್ಲಿ ಮತ್ತೊಮ್ಮೆ ಕುದಿಯುತ್ತಿತ್ತು. ಹಾಗಿದ್ದ ಮೇಲೆ ಸೀರೆಯೊಂದು ಯಾವ ಲೆಕ್ಕ? ಅಂಗಡಿಯೊಂದಕ್ಕೆ ಹಪ್ಪಳ ಲಟ್ಟಿಸಿ ಇಬ್ಬರೂ ಕೂಡಿಟ್ಟು, ಮಳಿಗೆಯಿಂದ ಮಳಿಗೆಗೆ ಅಲೆದು, ಕೊನೆಗೆ ಗಿಳಿಹಸಿರಿನ ಒಂದು ರೇಷ್ಮೆ ಸೀರೆ ಕೊಂಡರು. ಗುರುಬಾಯಿಗೆ ಕುಸುಬಿ ಬಣ್ಣ ಬೇಕಿತ್ತು. ಶರಣಬಸಮ್ಮ ಕೇಳಲಿಲ್ಲ.

"ಹಸರು ಹೊಲಸು ತಡೀತೈತಿ, ಹುಚ್ಚಿ. ಇಬ್ಬರು ಉಡೋ ಸೀರಿ ಇದು."

ಗಂಡಂದಿರಿಗೆ ಇಬ್ಬರೂ ಹೇಳಿದ್ದು ಒಂದೇ ಮಾತು: ಹಪ್ಪಳದ ರೊಕ್ಕದಲ್ಲಿ ತನಗೊಂದು ಸೀರೆ ಬಂತು ಎಂದು. ಅವರೂ ಖುಷಿಪಟ್ಟರು. ಇಬ್ಬರ ಹೆಂಡಿರೂ ಜೋಡಿ ತೆಗೆದುಕೊಂಡಿದ್ದಾರೆ ಎಂದು ತಾವೇ ತಿಳಿದುಕೊಂಡರು. ಗಂಡಸರ ಕಣ್ಣು ಸೀರೆಯ ವಿಷಯದಲ್ಲಿ ಅಷ್ಟಕ್ಕಷ್ಟೇ. ಸಿದ್ದರಾಮಪ್ಪನಂತೂ ತಂಗಿಯ ಮನೆಯ ಮುಂದಿನ ಕಾರ್ಯಕ್ಕೆ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ತಾವು ಹಿಂದಿನಿಂದ ಎದೆ ಸೆಟೆಸಿ ನಡೆದರು. ಆ ನಡಿಗೆ ನೋಡಿದ ಮೇಲೆ ನಿಜ ಹೇಳುವ ಧೈರ್ಯ ಯಾರಿಗಿದ್ದೀತು?

ಒಂದೇ ತೊಡಕು. ಮದುವೆ, ಸೀಮಂತ ಯಾವುದೇ ಇರಲಿ, ಇಬ್ಬರೂ ಕೂಡಿ ಹೋಗುವಂತಿರಲಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳಿಗೆ ತಲೆನೋವು. ಮುಂದಿನ ಸಲ ಇವಳು ಹೋದರೆ ಅವಳಿಗೆ ಹೊಟ್ಟೆನೋವು. ಮನೆಯಲ್ಲಿ ಉಳಿದವಳು ಹೋಗುವವಳ ಹಿಂದೆ ಮೊಣಕಾಲೂರಿ ನೆರಿಗೆ ಎಳೆದು ಸರಿ ಮಾಡಿ, ಗಲ್ಲಿಯ ತಿರುವಿನವರೆಗೂ ಬಂದು ಹೇಳುವ ಮಾತು ಒಂದೇ: "ಜ್ವಾಕಿ. ಸೀರಿಗೆ ಕಲಿ ಹತ್ತಿಸ್ಕೋಬ್ಯಾಡ." ಹಂಚಿ ಉಣ್ಣುವ ಈ ಇಬ್ಬರು ಊರಿನ ಕಾರ್ಯಗಳಲ್ಲಿ ಒಟ್ಟಿಗೆ ಕಾಣದ್ದು ನೋಡಿ, ಒಳಗೊಳಗೇ ಏನೋ ಹಗೆ ಇದೆ ಎಂದು ಬಳಗದವರು ಮಾತಾಡಿಕೊಂಡರು. ಅದನ್ನು ಕೇಳಿ ಇಬ್ಬರೂ ಒಲೆಯ ಮುಂದೆ ಕುಳಿತು ನಕ್ಕು ನಕ್ಕು ಸಾಕಾಗಿದ್ದರು.

*

"ಗುರುಬಾಯಿ," ಎಂದರು ಸಿದ್ದರಾಮಪ್ಪ ಮತ್ತೆ. "ಕೇಳಸ್ತೇನು?"

"ನೆನಪ ಮಾಡ್ಕೋಳಾಕತ್ತೀನ್ರಿ ಅಣ್ಣಾರ," ಎಂದಳು. ಅರಿಸಿನದ ಬಟ್ಟಲು ಕೆಳಗಿಟ್ಟಳು.

ಬರುವ ಐತವಾರ ಅವಳ ಮಗಳು ನೀಲಾಳನ್ನು ನೋಡಲು ತಾಂಡೂರಿನಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದವರೆಲ್ಲ ಹುಡುಗಿಯ ಮುಖಕ್ಕಿಂತ ಉದುರಿದ ಗೋಡೆಯನ್ನೇ ಹೆಚ್ಚು ನೋಡಿದ್ದರು. ಉಪ್ಪಿಟ್ಟು ತಿಂದು, ಕಾಗದ ಬರೆಯುತ್ತೇವೆಂದು ಹೇಳಿ ಹೋಗಿದ್ದರು. ಹೋದ ಸೋಮವಾರ ಶರಣಬಸಮ್ಮ ದಮ್ಮು ಹತ್ತಿದ ಎದೆ ಹಿಡಿದುಕೊಂಡೇ ಗೋಡೆಯ ಆಚೆ ಬಂದು, ಸೀರೆಯ ಗಂಟನ್ನು ಗುರುಬಾಯಿಯ ಮಡಿಲಿಗೆ ಹಾಕಿದ್ದಳು.

"ಈ ಸಲ ನೀಲಾಗ ಉಡಸು. ಅವರಿಗೆ ಹುಡುಗಿ ಕಾಣಬೇಕು, ಗ್ವಾಡಿ ಕಾಣಬಾರದು. ನನಗೇನು, ಇನ್ನ ಯಾವ ಮದವಿಗೆ ಹೋಗೋದೈತಿ?"

ಅಂದರೆ ಸತ್ತವಳನ್ನೇ ಕೇಳಿದರೆ ಕೊಡಬೇಡ ಎನ್ನುತ್ತಿದ್ದಳು. ಹುಚ್ಚಿ, ಮಣ್ಣಿಗೆ ಹಾಕೋ ಸೀರಿ ಏನ ಅದು, ಎಂದು ಬೈಯುತ್ತಿದ್ದಳು. ಸುಮ್ಮನಿದ್ದರೆ ಆಯಿತು. ಮಧ್ಯಾಹ್ನದೊಳಗೆ ನೂಲಿನ ಸೀರೆಯಲ್ಲೇ ಎಲ್ಲ ಮುಗಿಯುತ್ತದೆ. ಮಗಳ ಐತವಾರ ಉಳಿಯುತ್ತದೆ.

ಆದರೆ ವನಜಾ ಇನ್ನೂ ಒಲೆಯ ಬಳಿಯೇ ನಿಂತಿದ್ದಳು, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತ. ಗಂಡ, ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಕಟ್ಟಿಗೆ, ಹೂವು ತರಲು ಹೊರಗೆ ಹೋಗಿದ್ದ. ಅವನು ಬಂದ ಕೂಡಲೇ ಶಿವದೇವಿ ಮೊದಲು ಹೇಳುವುದು ಇದನ್ನೇ. ಅತ್ತೆಯ ಹೆಣದ ಮುಂದೆ ಹತ್ತಿದ ಕಳ್ಳಿಯ ಹೆಸರು ಈ ಹುಡುಗಿ ಮುದುಕಿಯಾದರೂ ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ಅದೂ ಸಾಧ್ಯವಿಲ್ಲ. ಎದೆ ಸೆಟೆಸಿ ನಡೆದ ಆ ಗಂಡಸಿಗೆ, ಅದೂ ಆ ತಂಗಿಯ ಎದುರಿಗೆ, ಇವತ್ತು ಏನೆಂದು ಹೇಳುವುದು?

ಗುರುಬಾಯಿಗೆ ಶರಣಬಸಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ದಿನ ತಡೆದವಳಿಗೆ ಐತವಾರದ ತನಕ ತಡೆಯಲು ಏನಾಗಿತ್ತು? ಸಿಟ್ಟಿನ ಹಿಂದೆಯೇ ಅಳು ಬಂತು. ಬೆಳಗಿನಿಂದ ಅದು ಬಂದಿರಲಿಲ್ಲ.

"ಸೀರಿ ನನ್ನ ಕಡೆ ಐತ್ರಿ," ಎಂದಳು ಕಣ್ಣೊರೆಸಿಕೊಂಡು. "ಫಾಲು ಬಿಚ್ಚಿತ್ತು. ಹೊಲದು ಕೊಡು ಅಂತ ಅಕ್ಕಾ ನನ್ನ ಕೈಯಾಗ ಕೊಟ್ಟಿದ್ಲು. ದುಃಖದಾಗ ಮರತೆ. ವನಜಾನ ತಪ್ಪೇನೂ ಇಲ್ಲ."

ಪಾತ್ರೆ ಒರೆಸುವ ಸದ್ದು ನಿಂತಿತು.

"ಅಷ್ಟು ಮೊದಲ ಹೇಳಬಾರದೇನವ್ವ," ಎಂದು ಶಿವದೇವಿ ಮತ್ತೆ ಕುಳಿತಳು.

ಗೋಡೆಯ ಆಚೆ ನೀಲಾ ಒಲೆಯಿಲ್ಲದ ಅಡುಗೆಮೂಲೆಯಲ್ಲಿ ರೇಶನ್ನಿನ ಎರಡು ರೂಪಾಯಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ದೊಡ್ಡವ್ವ ಹೋದಳೆಂದು ಅತ್ತು ಅವಳ ಮುಖವೂ ಬಾತಿತ್ತು. ಗೂಟಕ್ಕೆ ಹೊಸ ಕುಪ್ಪಸ ನೇತಾಡುತ್ತಿತ್ತು. ಆ ಹಸಿರಿಗೆ ಹೊಂದುವ ಬಟ್ಟೆ ಹುಡುಕಿ ತಂದು ಅವಳೇ ಹೊಲಿದುಕೊಂಡಿದ್ದಳು. ತಾಯಿ ಟ್ರಂಕು ತೆರೆಯುವುದನ್ನು ನೋಡಿದಳು. ಸೀರೆ ಹೊರಗೆ ಬರುವುದನ್ನು ನೋಡಿದಳು.

"ಅವ್ವಾ, ಐತವಾರಕ್ಕ ನನಗ?"

"ನಿನಗ ಇನ್ನೂ ದಿನ ಅದಾವವ್ವ," ಎಂದಳು ಗುರುಬಾಯಿ. "ಆಕಿಗೆ ಇವತ್ತೊಂದೇ ದಿನ."

ನೀಲಾ ಮೊರ ಬದಿಗಿಟ್ಟು ಎದ್ದು, ಗೂಟದಿಂದ ಕುಪ್ಪಸ ತೆಗೆದು, ಮಡಚಿ, ಸೀರೆ ಇದ್ದ ಜಾಗದಲ್ಲಿ ಇಟ್ಟಳು.

*

ಮೈ ತೊಳೆದ ಮೇಲೆ ಸೀರೆ ಉಡಿಸಿದ್ದು ಗುರುಬಾಯಿಯೇ. ಸೆರಗಿನ ಮೂಲೆಯಲ್ಲಿ ಸಣ್ಣ ರಫೂ ಇತ್ತು; ಯಾರದೋ ಲಗ್ನದಲ್ಲಿ ಊದುಬತ್ತಿಯ ಕಿಡಿ ಹಾರಿ ಸುಟ್ಟದ್ದು, ಅದು ಗುರುಬಾಯಿಯ ಸರದಿಯಲ್ಲೇ ಆದದ್ದು. ಶರಣಬಸಮ್ಮ ಬೈಯಲಿಲ್ಲ. ಸೀರೆಯದೇ ಎಳೆ ತೆಗೆದು ಎರಡು ಮಧ್ಯಾಹ್ನ ಕುಳಿತು ಹೊಲಿದಿದ್ದಳು. ಗುರುಬಾಯಿ ಆ ಮೂಲೆಯನ್ನು ಒಳಕ್ಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಹಸಿರು ಬಳೆ, ಮಲ್ಲಿಗೆ, ಹಣೆಗೆ ಮತ್ತೊಮ್ಮೆ ವಿಭೂತಿ.

"ಚಂದ ಕಾಣಾಕತ್ತಾಳ," ಎಂದರು ಸಿದ್ದರಾಮಪ್ಪ, ಮೊದಲ ಸಲ ಹತ್ತಿರ ಬಂದು. ತಂಗಿಯ ಕಡೆ ತಿರುಗಿದರು. "ನೋಡವ್ವ ಶಿವದೇವಿ, ನಿಮ್ಮ ವೈನಿನ್ನ."

ಶಿವದೇವಿ ಸೀರೆಯ ದಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಈ ಸಲ ಅವಳಿಗೆ ನಿಜವಾಗಿಯೂ ಅಳು ಬಂತು. "ಖರೇ ಜರ," ಎಂದಳು. ಆಮೇಲೆ ಮೂಗೊರೆಸಿಕೊಳ್ಳುತ್ತ ಗುರುಬಾಯಿಗೆ, "ಏನೇ ಇರ್ಲಿ, ಇವತ್ತರ ಇಬ್ಬರೂ ಒಂದು ಕಡಿ ಕಾಣಿಸ್ಕೊಂಡ್ರೆಲ್ಲ," ಎಂದಳು.

ಹೂವಿನ ವಿಮಾನ ಹೊಸ್ತಿಲ ಹೊರಗೆ ಬಂದಿತ್ತು. ಎತ್ತುವ ಮೊದಲು ಸಿದ್ದರಾಮಪ್ಪ ಗುರುಬಾಯಿಯನ್ನು ಬದಿಗೆ ಕರೆದರು.

"ನಿನ್ನ ಸೀರಿ ಐತೆಲ್ಲವ್ವ, ಜೋಡಿದು. ಐತವಾರ ನೀಲಾಗ ಅದನ್ನ ಉಡಸು. ಸೂತಕ ನಮ್ಮನ್ಯಾಗ ಐತಿ, ನಿಮಗೇನೂ ಇಲ್ಲ. ಕಾರ್ಯ ನಿಲ್ಲಸಬ್ಯಾಡ. ಬಾಗಲದಾಗ ನಿಂತು ನೋಡತೀನಿ. ನನಗ ಆಕಿನ್ನ ನೋಡಿದಂಗ ಆಗತೈತಿ."

ಗುರುಬಾಯಿ ನೂಲಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹೂಂನ್ರಿ ಅಣ್ಣಾರ. ಉಡಸತೀನಿ."

ಭಜನೆಯವರ ತಾಳದ ಹಿಂದೆ ವಿಮಾನ ಗಲ್ಲಿ ದಾಟಿತು. ಕುಳಿತೇ ಹೊರಟ ಶರಣಬಸಮ್ಮನ ಮೇಲೆ ಬಿಸಿಲು ಬಿದ್ದು ಜರಿ ಹೊಳೆಯಿತು. ಬೀಡಾ ಅಂಗಡಿಯವನು ಎದ್ದು ನಿಂತು, "ಅಮ್ಮಾ ಗುಜರ್ ಗಯೇ ಕ್ಯಾ?" ಎಂದ. ಹೌದು, ಹೋದಳು ಎಂಬಂತೆ ಯಾರೋ ತಲೆಯಾಡಿಸಿದರು. ಗಲ್ಲಿಯ ತಿರುವಿನಲ್ಲಿ ಗುರುಬಾಯಿಯ ಕಾಲು ರೂಢಿಯಂತೆ ನಿಂತಿತು. ಶರಣಬಸಮ್ಮ ಆ ಸೀರೆ ಉಟ್ಟು ಹೋದಾಗಲೆಲ್ಲ ಅವಳು ಅಲ್ಲಿಂದಲೇ ಹಿಂದಕ್ಕೆ ತಿರುಗಿ ಮನೆಗೆ ಬಂದವಳು. ವನಜಾ ಅವಳ ಕೈ ಹಿಡಿದುಕೊಂಡಳು. ತೊಳೆದು ತೊಳೆದು ಬಣ್ಣ ಬಿಟ್ಟ ನೂಲಿನ ಸೀರೆಯಲ್ಲಿ ಗುರುಬಾಯಿ ಜನರೊಂದಿಗೆ ಮುಂದೆ ನಡೆದಳು.

ರುದ್ರಭೂಮಿಯಲ್ಲಿ ಕುಣಿ ಸಿದ್ಧವಿತ್ತು. ಶರಣಬಸಮ್ಮನನ್ನು ಒಳಗಿನ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ಪತ್ರಿ, ವಿಭೂತಿ ಹಾಕಿ, "ಮಣ್ಣು ಕೊಡ್ರಿ," ಎಂದರು. ಸಿದ್ದರಾಮಪ್ಪ ಕೊಟ್ಟರು. ಮಗ ಕೊಟ್ಟ, ವನಜಾ ಕೊಟ್ಟಳು. ಗುರುಬಾಯಿಯ ಸರದಿ ಬಂತು. ಹಿಡಿ ಮಣ್ಣು ತೆಗೆದುಕೊಂಡು ಅಂಚಿಗೆ ಬಂದು ಬಗ್ಗಿದಳು. ಹಸಿರು ಸೆರಗಿನ ಮೇಲೆ ಆಗಲೇ ಕೆಂಪು ಮಣ್ಣು ಬಿದ್ದಿತ್ತು.

"ಜ್ವಾಕಿ ಅಕ್ಕಾ..." ಎಂದಳು, ಯಾರಿಗೂ ಕೇಳಿಸದಂತೆ.

ಮುಷ್ಟಿಯಲ್ಲಿದ್ದ ಮಣ್ಣು ಅಲ್ಲೇ ಗುರುಬಾಯಿಯ ಕಾಲ ಮೇಲೆ ಸುರಿಯಿತು. ಖಾಲಿ ಕೈ ಕುಣಿಯೊಳಕ್ಕೆ ಚಾಚಿ, ಸೆರಗಿನ ಮೇಲಿನ ಮಣ್ಣನ್ನು ಕೊಡವುತ್ತಿತ್ತು.