ಸೊಂಟಪಟ್ಟಿ ಬಿಚ್ಚಿ ಅಳೆದಾಗ

ಗೋಣಿಚೀಲದೊಳಗೆ ಬೆವೆತ ತಾಳೆಬೆಲ್ಲದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಅಮ್ಮನ ಕೈ ಹಿಡಿದು ನಮ್ಮೂರು ಯೋಗ್ಯಕರ್ತಾದ ಪೇಟೆಯ ಮೆಟ್ಟಿಲು ಹತ್ತುವಾಗ ಬರುತ್ತಿದ್ದ ವಾಸನೆ ಅದು. ಆ ಮೂಟೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂರನೆಯ ಮಹಡಿಗೆ ಏರಿಸುವವರು ಆಗಲೂ ಹೆಂಗಸರೇ, ಈಗಲೂ ಹೆಂಗಸರೇ. ಅವರಲ್ಲೊಬ್ಬಳು ಸಾರ್ಮಿ. ವಯಸ್ಸು ಐವತ್ತೆರಡು. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ಬೇರೆಯವರ ಮೂಟೆ ಜಾರಿದರೆ ತನ್ನದನ್ನು ಇಳಿಸಿಟ್ಟು ಹೆಗಲು ಕೊಡುವವಳು.

ನಮ್ಮ ಓಣಿಯಲ್ಲಿ ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಅಲ್ಲಿ ತೂಕ, ಎತ್ತರ ಬರೆದುಕೊಳ್ಳುವುದು ನನ್ನ ಕೆಲಸ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯೇ ಬಿಎಂಐ. ಸಾರ್ಮಿಗೆ ಇಪ್ಪತ್ತೇಳು ಬಂತು. ನಮ್ಮ ಪಟ್ಟಿಯಲ್ಲಿ ಇಪ್ಪತ್ತೈದು ದಾಟಿದರೆ ತೂಕ ಹೆಚ್ಚು ಎಂದರ್ಥ. ಕಾರ್ಡಿನ ಮೇಲೆ ಕೆಂಪು ಗೆರೆ ಎಳೆದು ಕೊಟ್ಟೆ.

ಅವಳ ಗಂಡ ಗಿಮಾನ್ ಪೇಟೆಯ ಬಾಗಿಲಲ್ಲಿ ಕೂತು ಗಡಿಯಾರ ರಿಪೇರಿ ಮಾಡುವವನು. ಕೈಕಾಲು ಕಡ್ಡಿಯಂತೆ. ಅವನ ಅಂಕಿ ಇಪ್ಪತ್ತಮೂರೂವರೆ. ತನ್ನ ಕಾರ್ಡನ್ನು ಎಲ್ಲರಿಗೂ ತೋರಿಸಿ, ಹೆಂಡತಿಯನ್ನು ಆನೆ ಎಂದು ಕರೆದು ನಗಿಸಿದ.

ಸಾರ್ಮಿ ನಗಲಿಲ್ಲ. ಮರುದಿನದಿಂದ ಮಧ್ಯಾಹ್ನದ ಊಟ ಬಿಟ್ಟಳು. ಮೂರನೆಯ ವಾರ ಮೆಟ್ಟಿಲ ಮೇಲೆ ಅವಳ ಕಾಲು ಕುಸಿಯಿತು. ಅದೃಷ್ಟಕ್ಕೆ ಮೂಟೆ ಮಾತ್ರ ಉರುಳಿತು. ಅಂಗಡಿಯವರು ಬೇರೆಯವಳನ್ನು ಕರೆಯತೊಡಗಿದರು. ಹೊರುವ ಶಕ್ತಿ ಹೋದರೆ ಅವಳಿಗೆ ಬೇರೆ ಬದುಕಿಲ್ಲ.

ಮುಂದಿನ ತಪಾಸಣೆಗೆ ನರ್ಸ್ ಲಿಸ್ತ್ಯಾ ಬಂದಳು. ಬಾಡಿದ ಸಾರ್ಮಿಯನ್ನು ಕೂರಿಸಿಕೊಂಡು ವಿಚಾರಿಸಿದಳು.

“ಊಟ ಯಾಕೆ ಬಿಟ್ರಿ, ಸಾರ್ಮಿ ಅಕ್ಕ?”

“ಟೀಚರಮ್ಮ ಕೆಂಪು ಗೆರೆ ಎಳೆದ್ರಲ್ಲ. ಓದಿದೋರು ಸುಮ್ನೆ ಎಳೀತಾರಾ?”

ನಾನು ತಲೆ ತಗ್ಗಿಸಿದೆ. ಕಾರ್ಡಿನಲ್ಲಿ ಸೊಂಟದ ಅಳತೆ ಎಲ್ಲಿ ಎಂದು ಲಿಸ್ತ್ಯಾ ಕೇಳಿದಾಗ ಇದ್ದದ್ದನ್ನು ಹೇಳಿದೆ. ಹೊರುವ ಹೆಂಗಸರು ಬೆನ್ನಿಗೆ ಆಸರೆಯಾಗಲೆಂದು ಹತ್ತು ಮೊಳದ ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿರುತ್ತಾರೆ. ಅದನ್ನು ನಾಲ್ಕು ಜನರೆದುರು ಬಿಚ್ಚುವುದಿಲ್ಲ. ನಾನೂ ಸಂಕೋಚಪಟ್ಟು, ಪಟ್ಟಿಯ ಸಮೇತ ತೂಗಿ, ಸೊಂಟದ ಜಾಗ ಖಾಲಿ ಬಿಟ್ಟಿದ್ದೆ.

ಲಿಸ್ತ್ಯಾ ತನ್ನ ಶಾಲನ್ನೇ ಬಾಗಿಲಿಗೆ ಪರದೆಯಾಗಿ ಕಟ್ಟಿದಳು. ಪಟ್ಟಿ ಬಿಚ್ಚಿದರೆ ಹೆಂಡತಿ ಇನ್ನೂ ಹರಡುತ್ತಾಳೆ, ಜಾಗ ಬಿಡಿ ಎಂದು ಗಿಮಾನ್ ಹೊರಗಿನಿಂದ ಕಿಚಾಯಿಸಿದ. ಪಟ್ಟಿ ಬಿಚ್ಚಿಸಿ ತೂಗಿದಾಗ ತೂಕದ ಅಂಕಿ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಸೊಂಟ ಎಪ್ಪತ್ತೆಂಟು ಸೆಂಟಿಮೀಟರ್, ಮಿತಿಯೊಳಗೇ ಇತ್ತು. ರಕ್ತದೊತ್ತಡ, ಸಕ್ಕರೆ ಎರಡೂ ಸರಿಯಾಗಿದ್ದವು.

“ತಕ್ಕಡಿಗೆ ಭಾರ ಎಷ್ಟು ಅಂತ ಗೊತ್ತು, ಯಾತರದ ಭಾರ ಅಂತ ಗೊತ್ತಾಗಲ್ಲ ಅಕ್ಕ. ಮೂಟೆ ಹೊತ್ತು ಬೆಳೆದ ಮಾಂಸಖಂಡನೂ ಅದಕ್ಕೆ ಒಂದೇ, ಹೊಟ್ಟೆ ಸುತ್ತ ಕೂತ ಕೊಬ್ಬೂ ಒಂದೇ. ನಿಮ್ಮ ಕೆಲಸಕ್ಕೆ ಊಟ ಬೇಕೇ ಬೇಕು.”

“ಹಂಗಾದ್ರೆ ಆ ಅಂಕಿ ಸುಳ್ಳಾ?”

“ಸುಳ್ಳಲ್ಲ. ಬಾಗಿಲು ತಟ್ಟುತ್ತೆ ಅಷ್ಟೆ. ಒಳಗೇನಿದೆ ಅಂತ ನಾವೇ ನೋಡ್ಬೇಕು.”

ಆಮೇಲೆ ಟೇಪು ಗಿಮಾನನ ಹೊಟ್ಟೆಗೆ ಬಂತು. ಸಡಿಲ ಅಂಗಿಯ ಕೆಳಗೆ ತೊಂಬತ್ತೇಳು ಸೆಂಟಿಮೀಟರ್, ಮಿತಿ ಮೀರಿತ್ತು. ಬೆರಳ ರಕ್ತದಲ್ಲಿ ಸಕ್ಕರೆಯೂ ಜಾಸ್ತಿ. ಆಸ್ಪತ್ರೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಲು ಲಿಸ್ತ್ಯಾ ಚೀಟಿ ಬರೆದಳು. ದಿನಕ್ಕೆ ಐದು ಲೋಟ ಸಿಹಿ ಚಹಾ, ಕೂತಲ್ಲೇ ಕೆಲಸ ಎಂದು ಅವನು ಮೆಲ್ಲಗೆ ಒಪ್ಪಿಕೊಂಡ.

“ಇನ್ನೂ ಹೊತ್ತಾಗಿಲ್ಲ ಬಿಡಿ. ಆನೆ ಜೊತೆ ಮೆಟ್ಟಿಲು ಹತ್ತಿದ್ರೆ ಕರಗುತ್ತೆ,” ಎಂದಳು ಸಾರ್ಮಿ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಿಎಂಐ ತಿಳಿದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಬಟ್ಟೆಯ ಮೇಲಿಂದಲ್ಲ, ಮೈಮೇಲೆಯೇ ಟೇಪು ಹಿಡಿದು ಸೊಂಟ ಅಳೆಯಿರಿ. ಹೆಂಗಸರಿಗೆ ಎಂಬತ್ತು, ಗಂಡಸರಿಗೆ ತೊಂಬತ್ತು ಸೆಂಟಿಮೀಟರ್ ದಾಟಿದರೆ, ತೆಳ್ಳಗಿದ್ದರೂ ಸರಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ರಕ್ತದೊತ್ತಡ, ಸಕ್ಕರೆ ನೋಡಿಸಿ. ಒಂದು ಅಂಕಿಗೆ ಹೆದರಿ ಊಟ ಬಿಡಬೇಡಿ.

ಮರುದಿನ ಮಧ್ಯಾಹ್ನ ಗಿಮಾನ್ ಏದುಸಿರು ಬಿಡುತ್ತ ಮೂರನೆಯ ಮಹಡಿಗೆ ಹತ್ತಿ ಬಂದ. ಅನ್ನ, ಸೊಪ್ಪು, ಹುದುಗಿಸಿದ ಸೋಯಾ ಕಾಳಿನ ಹುರಿದ ತೆಂಪೆ ಕಟ್ಟಿದ್ದ ಬಾಳೆಯೆಲೆಯ ಪೊಟ್ಟಣವನ್ನು ಸಾರ್ಮಿಯ ಕೈಗಿಟ್ಟು, ಅವಳ ಪಕ್ಕದಲ್ಲಿ ಕೂತ.