ಗಾಳಿಯ ಮೇಲೆ ಹೊರಿಸಿದ ಈಡು

ಪ್ರಶ್ನೆ ಕೇಳಿದವಳು ರೋಂಡಾ. ಆರ್ವಿನ್ ಉತ್ತರ ಹೇಳಿದ್ದು ಮಾತ್ರ ಅವಳ ಗಂಡ ಡೆಲ್‌ಗೆ. ಬೆಳಗಿನಿಂದ ಇದೇ ಆಗುತ್ತಿತ್ತು. ಕೋವಿ ಕಟ್ಟಿಕೊಡುವ ಆರ್ವಿನ್ ಕೆಟ್ಟವನೇನಲ್ಲ. ಅವನ ಶೆಡ್ಡಿಗೆ ಬರುವವರು ಹೆಚ್ಚಾಗಿ ಗಂಡಸರೇ ಆದ್ದರಿಂದ ಕತ್ತು ಆ ಕಡೆಗೇ ತಿರುಗಿ ಅಭ್ಯಾಸವಾಗಿಬಿಟ್ಟಿತ್ತು. ಆದರೆ ಇವತ್ತು ಯಾರನ್ನೂ ಅರ್ಥಮಾಡಿಕೊಳ್ಳುವ ಮನಸ್ಸು ರೋಂಡಾಳಿಗೆ ಇರಲಿಲ್ಲ.

ಮೇಜಿನ ಮೇಲೆ ಎರಡು ತೋಟಾಗಳು ನಿಂತಿದ್ದವು. ಒಂದು ಡೆಲ್ ಆರಿಸಿದ್ದು, ಮುನ್ನೂರ ಮೂವತ್ತೆಂಟು ಎಂಬ ಅಳತೆಯದು. ಅವನ ಹೆಬ್ಬೆರಳಿಗಿಂತ ಉದ್ದ, ನೋಡಿದರೇ ಭುಜ ನೋಯುವಂಥದ್ದು. ಇನ್ನೊಂದು ರೋಂಡಾ ಕೇಳುತ್ತಿದ್ದ ಆರೂವರೆ ಮಿಲಿಮೀಟರಿನದು. ಅದರ ಪಕ್ಕದಲ್ಲಿ ಇದು ಮಕ್ಕಳ ಸಾಮಾನಿನಂತೆ ಕಾಣುತ್ತಿತ್ತು. ನಳಿಗೆಯನ್ನು ಒಂದು ತೋಟಾಕ್ಕೆಂದು ಕೊರೆದ ಮೇಲೆ ಮುಗಿಯಿತು, ಆ ಕೋವಿ ಬದುಕಿರುವಷ್ಟು ಕಾಲ ಅದನ್ನೇ ತಿನ್ನಬೇಕು.

ಕಟ್ಟಿಸುತ್ತಿದ್ದ ಕೋವಿ ರೋಂಡಾಳದ್ದು. ಕಾಡುಟಗರಿನ ಶಿಕಾರಿಗೆ ಸರ್ಕಾರ ಎತ್ತುವ ಚೀಟಿಯಲ್ಲಿ ಪ್ರತಿ ವಸಂತಕ್ಕೂ ಅವಳು ಹೆಸರು ಹಾಕುತ್ತ ಬಂದಿದ್ದಳು. ತಲೆಗೂದಲು ಕಪ್ಪಗಿದ್ದಾಗ ಶುರುಮಾಡಿದ್ದು, ಪೂರ್ತಿ ಬೆಳ್ಳಗಾದ ಮೇಲೆ ಈ ವರ್ಷ ಬಂತು. ಒಂದು ಜನ್ಮಕ್ಕೆ ಒಂದೇ ಟಗರು. ಸುದ್ದಿ ತಿಳಿದ ದಿನ ಡೆಲ್ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದ್ದ. ಮಾರನೆಯ ದಿನದಿಂದ ಅದು ಅವನ ಶಿಕಾರಿಯಾಯಿತು. ಯಾವ ಬೆಟ್ಟ, ಏರಿಹೋಗಲು ಯಾವ ಕುದುರೆ, ಎಷ್ಟು ದೂರದಿಂದ ಹೊಡೆಯಬೇಕು, ಎಲ್ಲ ಅವನೇ ಗೊತ್ತುಮಾಡಿದ.

“ಆರೂವರೆಗೆ ಆ ಬೆಟ್ಟದ ಗಾಳಿ ತಡ್ಕೊಳ್ಳೋಕಾಗಲ್ಲ ಕಣಯ್ಯ,” ಎಂದ ಡೆಲ್. “ಹೋದ ವರ್ಷ ನನ್ನ ಮುನ್ನೂರು ಕೋವಿಯ ಗುಂಡನ್ನೇ ಎತ್ತಿ ಪಕ್ಕಕ್ಕೆ ಹಾಕ್ತು.”

ರೋಂಡಾಳ ಮೈ ಉರಿದುಹೋಯಿತು. ಹೋದ ವರ್ಷ. ಕಣಿವೆಯ ಆಚೆ ದಡದಲ್ಲಿ ಮೇಯುತ್ತಿದ್ದ ಹೆಣ್ಣು ಎಲ್ಕ್ ಕಡವೆಗೆ ಡೆಲ್ ಈಡು ಹೊಡೆದಾಗ ಅವಳು ಅವನ ಪಕ್ಕದಲ್ಲೇ ಹೊಟ್ಟೆಯ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡುತ್ತಿದ್ದಳು. ಗುಂಡು ಎದೆಗೆ ಬೀಳಲಿಲ್ಲ, ಕೆಳಹೊಟ್ಟೆಗೆ ಬಿತ್ತು. ಅದು ಬೆನ್ನು ಬಾಗಿಸಿಕೊಂಡು ಮರಗಳೊಳಗೆ ಹೋಯಿತು. ಕತ್ತಲಾಗುವವರೆಗೂ, ಮತ್ತೆ ಮಾರನೆಯ ದಿನವೂ, ರಕ್ತದ ಹನಿ ಹುಡುಕುತ್ತ ಅಲೆದವಳು ಅವಳೇ. ಅದು ಸಿಗಲಿಲ್ಲ. ಡೆಲ್ ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗಾಳಿಯ ಕಥೆ ಹೇಳಿದ. ಚಳಿಗಾಲವೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಗಾಳಿ ಜೋರಾಗುತ್ತಲೇ ಹೋಯಿತು. ಈಗ ಆ ಸುಳ್ಳಿಗೆ ತಕ್ಕ ತೋಟಾ ಆರಿಸಿ ಅವಳ ಹೆಗಲಿಗೆ ಏರಿಸಲು ಬಂದಿದ್ದಾನೆ.

“ಹಿಂದುಗಡೆ ಗುರಿ ಫಲಕ ಇದೆಯಲ್ಲ. ತೋರಿಸು ಆರ್ವಿನ್‌ಗೆ, ಗಾಳಿ ಏನು ಮಾಡುತ್ತೆ ಅಂತ,” ಎಂದಳು ರೋಂಡಾ. ಡೆಲ್ ಖುಷಿಯಿಂದಲೇ ಎದ್ದು, ಅಳತೆಗೆಂದು ತಂದಿದ್ದ ತನ್ನ ಮುನ್ನೂರು ಮ್ಯಾಗ್ನಮ್ ಕೋವಿ ಕೈಗೆತ್ತಿಕೊಂಡ.

ಶೆಡ್ಡಿನ ಹಿಂದೆ ಬೋಳುಬಯಲು. ದೂರದ ದಿಬ್ಬದಲ್ಲಿ ಬಿಳಿಬಣ್ಣ ಬಳಿದ ಉಕ್ಕಿನ ಫಲಕ. ನಡುವೆ ಗೂಟಕ್ಕೆ ಕಟ್ಟಿದ ಕೆಂಪು ಪಟ್ಟಿ ಅಲ್ಲಾಡದೆ ಇಳಿಬಿದ್ದಿತ್ತು. ಡೆಲ್ ಚಾಪೆಯ ಮೇಲೆ ಮಲಗಿ ಮೊಣಕೈ ಹೊಂದಿಸಿಕೊಂಡ. ಅವನು ಹೊಂದಿಸಿಕೊಳ್ಳುವಷ್ಟರಲ್ಲಿ ತೋಟಾ ತುಂಬಿಕೊಡುವುದು ಮೊದಲಿನಿಂದಲೂ ರೋಂಡಾಳ ಕೆಲಸ. ಮನೆಯಲ್ಲಿ ಖಾಲಿ ತೋಟಾಗಳಿಗೆ ಮದ್ದು ಅಳೆದು ಹಾಕಿ, ಗುಂಡು ಕೂರಿಸಿ ಮತ್ತೆ ಸಿದ್ಧಮಾಡುವವಳೂ ಅವಳೇ. ತುಂಬಿಕೊಟ್ಟಳು. ಅವನು ತಿರುಗಿಯೂ ನೋಡಲಿಲ್ಲ.

ಮೊದಲ ಈಡಿಗೆ ಫಲಕದ ಕೆಳಗೆ, ಎಡಕ್ಕೆ ಮಣ್ಣು ಹಾರಿತು.

“ನೋಡಿದ್ಯಾ?” ಎಂದ ಡೆಲ್.

ಆರ್ವಿನ್ ಕೆಂಪು ಪಟ್ಟಿಯನ್ನು ನೋಡಿದ. ಅದು ಇನ್ನೂ ಅಲ್ಲಾಡಿರಲಿಲ್ಲ.

ಡೆಲ್ ಎರಡನೆಯದನ್ನು ನಳಿಗೆಗೆ ತಳ್ಳಿ, ಉಸಿರು ಬಿಗಿಹಿಡಿದು ಕೋವಿಯ ಕುದುರೆ ಎಳೆದ. ಈಡು ಹಾರಲಿಲ್ಲ. ಟಕ್ ಎಂದು ಒಣ ಸದ್ದು ಅಷ್ಟೇ. ಆದರೆ ನಳಿಗೆಯ ತುದಿ ನೆಲಕ್ಕೆ ಕುಕ್ಕಿತು, ಭುಜ ಮುಂದಕ್ಕೆ ನುಗ್ಗಿತು, ಎರಡು ಕಣ್ಣೂ ಬಿಗಿಯಾಗಿ ಮುಚ್ಚಿಕೊಂಡವು. ಕೋವಿಯ ಒದೆ ಬೀಳುವ ಮೊದಲೇ ಒದೆಗೆ ಹೆದರಿದ ಮೈ ಅದು. ಮುಚ್ಚಿಡಲು ಸದ್ದೂ ಇಲ್ಲ, ಹೊಗೆಯೂ ಇಲ್ಲ. ಆರ್ವಿನ್ ತನ್ನ ಬೂಟಿನ ಕಡೆ ಕಣ್ಣಿಳಿಸಿದ.

“ತೋಟಾ ಕೆಟ್ಟಿದೆ,” ಎಂದ ಡೆಲ್.

“ಕೆಟ್ಟಿಲ್ಲ. ಮದ್ದೇ ಹಾಕಿಲ್ಲ ಅದಕ್ಕೆ. ಬೆಳಿಗ್ಗೆ ನಾನೇ ಹಾಗೆ ಮಾಡಿ ತಂದೆ.”

ಅವನ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. “ನನ್ನ ಮಂಗ ಮಾಡೋಕೆ ಇಲ್ಲೀತನಕ ಕರ್ಕೊಂಡು ಬಂದ್ಯಾ?”

“ಊರನ್ನೆಲ್ಲ ಮಂಗ ಮಾಡಿದ್ದು ನೀನು. ಅವತ್ತೂ ಗಾಳಿ ಇರ್ಲಿಲ್ಲ ಡೆಲ್. ನಿನ್ನ ಪಕ್ಕದಲ್ಲೇ ಮಲಗಿದ್ದೆ, ನನ್ನ ಕೂದಲೂ ಅಲ್ಲಾಡ್ಲಿಲ್ಲ. ಹೊಟ್ಟೆ ಹರ್ಕೊಂಡು ಹೋದದ್ದನ್ನ ಹುಡುಕಿದ್ದು ನಾನು.” ಅವಳ ದನಿ ನಡುಗಿತು. ನಡುಗಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಡೆಲ್ ಎದ್ದು ಮಣ್ಣು ಕೊಡವಿದ. ಭಾರಿ ಗುರಿಕಾರ್ತಿಯಾದರೆ ನೀನೇ ಮಲಗು, ತುಂಬಿಕೊಡುವುದು ನಾನು ಎಂದ. ರೋಂಡಾ ಮಲಗಿದಳು. ಅವನು ಬೆನ್ನು ತಿರುಗಿಸಿಕೊಂಡು ಕೋವಿಗೆ ಏನೋ ಹಾಕಿ ಕೈಗೆ ಕೊಟ್ಟ. ಮದ್ದಿಲ್ಲದ ಅದೇ ತೋಟಾ ಹಾಕಿರುತ್ತಾನೆಂದು ಅವಳಿಗೆ ಗೊತ್ತೇ ಇತ್ತು. ಗೊತ್ತಿದ್ದೂ, ಕುದುರೆ ಎಳೆದಾಗ ಟಕ್ ಎಂದ ಕೂಡಲೇ ಅವಳ ಕೈಯಲ್ಲಿದ್ದ ನಳಿಗೆಯೂ ನೆಲಕ್ಕೆ ಕುಕ್ಕಿತು.

ಡೆಲ್ ದೊಡ್ಡದಾಗಿ ನಕ್ಕ. ಜೊತೆಗೆ ನಗಲೆಂದು ಆರ್ವಿನ್ ಕಡೆ ನೋಡಿದ.

ರೋಂಡಾ ಮಲಗಿದ್ದಲ್ಲಿಂದಲೇ ಹೇಳಿದಳು: “ಹೌದು, ನಂಗೂ ಹೆದರಿಕೆ. ವರ್ಷಾನುಗಟ್ಟಲೆ ಈ ಕೋವಿ ಒದೆ ತಿಂದು ಮೈಗೇ ಹತ್ಕೊಂಡುಬಿಟ್ಟಿದೆ. ಅದಕ್ಕೇ ಆರೂವರೆ ಕೇಳ್ತಿರೋದು.”

ನಗು ಅಲ್ಲಿಗೇ ನಿಂತಿತು.

ಆರ್ವಿನ್ ಆ ದಿನ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ. “ಅದರಲ್ಲಿ ಎಷ್ಟು ದೂರದ ಟಗರಿಗೆ ಹೊಡೀತೀಯ ರೋಂಡಾ?”

“ಕಣ್ಣು ಬಿಟ್ಕೊಂಡು ಹೊಡೆಯೋಕೆ ಆಗೋವಷ್ಟು ದೂರ. ಉಳಿದಿದ್ದು ನಡೀತೀನಿ.”

ಶೆಡ್ಡಿಗೆ ಮರಳಿ ಅವನು ಅಳತೆಪಟ್ಟಿ ತೆಗೆದು ಅವಳ ಮೊಣಕೈಯಿಂದ ತೋರುಬೆರಳಿನವರೆಗೆ ಹಿಡಿದ. ಮೇಜಿನ ಮೇಲಿದ್ದ ದಪ್ಪ ತೋಟಾವನ್ನು ತಾನೇ ಎತ್ತಿ ಡಬ್ಬಿಗೆ ಹಾಕಿದ. ಡೆಲ್ ಆಗಲೇ ಹೋಗಿ ಪಿಕಪ್ಪಿನಲ್ಲಿ ಕೂತಿದ್ದ.

ಮನೆಗೆ ಡೆಲ್ ಗಾಡಿ ಓಡಿಸಿದ. ರೋಂಡಾಳ ಸಿಟ್ಟು ಇಳಿದಿರಲಿಲ್ಲ. ನಾಳೆಯ ಹೊತ್ತಿಗೆ ಹೋಟೆಲಿನಲ್ಲಿ ಇವನು ಇದಕ್ಕೂ ಒಂದು ಕಥೆ ಕಟ್ಟುತ್ತಾನೆ ಎಂದುಕೊಂಡಾಗ ಇನ್ನೂ ಏರಿತು. ಅವರ ಹುಲ್ಲುಗಾವಲಿನ ತಂತಿಗೇಟು ಬಂತು. ಗೇಟು ತೆರೆಯುವುದು ಪಕ್ಕದಲ್ಲಿ ಕೂತವರ ಕೆಲಸ. ಮದುವೆಯಾದಾಗಿನಿಂದ ಅದು ಅವಳದ್ದೇ. ಅವಳು ಬಾಗಿಲಿಗೆ ಕೈಹಾಕುವಷ್ಟರಲ್ಲಿ ಡೆಲ್ ಗಾಡಿ ನಿಲ್ಲಿಸಿ, ಎಂಜಿನ್ ಹಾಗೇ ಬಿಟ್ಟು, ತಾನೇ ಇಳಿದ.

ಅವನಿಗೆ ಆ ಗೇಟಿನ ಕೊಂಡಿ ಸರಿಯಾಗಿ ಗೊತ್ತಿರಲಿಲ್ಲ. ತಡಕಾಡಿ ಬಿಚ್ಚಿ, ಕಂಬವನ್ನು ಎಳೆದುಕೊಂಡು ಪಕ್ಕಕ್ಕೆ ಹೋಗಿ ನಿಂತ. ರೋಂಡಾ ಚಾಲಕನ ಸೀಟಿಗೆ ಸರಿದು ಗಾಡಿಯನ್ನು ಒಳಗೆ ತಂದಳು. ತಂದು ಕಾದಳು. ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಗೇಟಿನ ಕಂಬ ಇನ್ನೂ ಕೈಯಲ್ಲೇ ಇತ್ತು. ಮುಖ ಕಣಿವೆಯಾಚೆಯ, ಹೋದ ವರ್ಷ ಆ ಎಲ್ಕ್ ಹೊಕ್ಕಿದ್ದ ಮರಗಳ ಕಡೆಗಿತ್ತು. ದನಗಳು ತೆರೆದ ದಾರಿ ನೋಡಿ ಒಂದೊಂದಾಗಿ ಇತ್ತ ಬರತೊಡಗಿದ್ದವು. ಅವನು ಗೇಟು ಹಾಕಲಿಲ್ಲ. ಅವಳು ಹಾರ್ನ್ ಹೊಡೆಯಲಿಲ್ಲ.